ಅಯಸ್ಕಾಂತದ ಬಿಲ್ಲೆ ಮತ್ತು ಚಿಕ್ಕತ್ತೆಯ ಸರ

ಆ ಪೆಟ್ಟಿಗೆ ಮನೆಗೆ ಬಂದ ದಿನ ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, "ಏನಮ್ಮಣಿ, ಟೈಲ್ಸ್ ತರಿಸಿದ್ದೀಯಾ? ಬಚ್ಚಲಿಗಾ?" ಅಂದರು.

ಅವರದೇನೂ ತಪ್ಪಿಲ್ಲ. ಬಾಗಿಲಿಗೆ ಬಂದ ಕೊರಿಯರ್‌ನವರು ಪೆಟ್ಟಿಗೆಯ ಮೇಲಿದ್ದ 'ಮ್ಯಾಗ್ನೆಟಿಕ್ ಟೈಲ್ಸ್' ಎಂಬುದನ್ನು ಹಾಗೇ ಓದಿ ಹೇಳಿದ್ದರು. ನಮ್ಮ ಬಚ್ಚಲಿನ ಮೂಲೆಯಲ್ಲಿ ಒಂದು ಟೈಲ್ಸ್ ಕಿತ್ತು ಹೋಗಿ ಎಷ್ಟೋ ದಿನವಾಗಿತ್ತು. ಅಂತೂ ಸೊಸೆಗೆ ಜವಾಬ್ದಾರಿ ಬಂತು ಅಂತ ಅವರು ಖುಷಿಪಟ್ಟಿದ್ದರು. ಪೆಟ್ಟಿಗೆ ಬಿಚ್ಚಿದಾಗ ಒಳಗಿಂದ ಬಂದದ್ದು ಕೆಂಪು, ಹಳದಿ, ನೀಲಿ, ಹಸಿರು ಪ್ಲಾಸ್ಟಿಕ್ ಬಿಲ್ಲೆಗಳು. ಚೌಕದವು, ಮೂರು ಮೂಲೆಯವು. ಪ್ರತಿಯೊಂದರ ಅಂಚಿನೊಳಗೆ ಚಿಕ್ಕ ಚಿಕ್ಕ ಅಯಸ್ಕಾಂತ. ಒಂದರ ಹತ್ತಿರ ಒಂದು ತಂದರೆ ಟಪ್ಪೆಂದು ಕಚ್ಚಿಕೊಳ್ಳುತ್ತಿದ್ದವು.

"ಆಟದ್ದಾ?" ಅಂದ ಅತ್ತೆಯ ಮುಖ ಸಣ್ಣದಾಯಿತು. ಬಚ್ಚಲು ಹಾಗೇ ಉಳಿಯಿತು.

ನಾನು ಚಿತ್ರದುರ್ಗದ ಕಡೆಯವಳು. ಮದುವೆಯಾಗಿ ತಮಿಳುನಾಡಿನ ಪಲ್ಲಡಂಗೆ ಬಂದೆ. ನನ್ನ ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರರು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಅವರು ಪವರ್‌ಲೂಮ್ ಓಡಿಸುತ್ತಾರೆ. ಮನೆಯೊಳಗೆ ಎಲ್ಲರೂ ಕನ್ನಡವನ್ನೇ ಆಡುತ್ತಾರೆ. ಆದರೆ ಆ ಕನ್ನಡಕ್ಕೆ ತಮಿಳಿನ ರಾಗ, ನಡುನಡುವೆ ತಮಿಳಿನ ಮಾತು. ಮೊದಮೊದಲು ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧಕ್ಕೆ ಸುಮ್ಮನೆ ತಲೆ ಆಡಿಸುತ್ತಿದ್ದೆ. ಅಯಸ್ಕಾಂತಕ್ಕೆ ಇವರು ಕಾಂದಂ ಅನ್ನುತ್ತಾರೆ. ನಾವು ಅಂಟುತ್ತೆ ಅಂದರೆ ಇವರು ಒಟ್ಟುತ್ತೆ ಅನ್ನುತ್ತಾರೆ. ನನ್ನ ಮಗಳು ಎರಡನ್ನೂ ಬಲ್ಲಳು, ಬೇಕಾದಾಗ ಬೇಕಾದ್ದನ್ನು ಬಳಸುತ್ತಾಳೆ.

ಆ ಬಿಲ್ಲೆಗಳನ್ನು ತರಿಸಿದ್ದು ಅವಳಿಗಾಗಿಯೇ. ಆಗಷ್ಟೇ ಯುಕೆಜಿಗೆ ಹೋಗುತ್ತಿದ್ದಳು. ಇಡೀ ದಿನ ಬರೆಸುತ್ತಿದ್ದರು, ಮನೆಗೆ ಬಂದ ಮೇಲೂ ಬರೆಯಲು ಕೊಡುತ್ತಿದ್ದರು. ಮಗು ಕೈಯಾರೆ ಏನಾದರೂ ಮಾಡಿ ಕಲಿಯಬೇಕು ಅಂತ ನನ್ನ ತಲೆಗೆ ಹೊಕ್ಕಿತ್ತು. ತಿರುಪ್ಪೂರಿನ ಒಂದು ರಫ್ತು ಆಫೀಸಿನ ಕೆಲಸವನ್ನು ನಾನು ವಾರದಲ್ಲಿ ಕೆಲವು ದಿನ ಮನೆಯಿಂದಲೇ ಮಾಡುತ್ತೇನೆ. ಬಿಡುವಿನಲ್ಲಿ ಫೋನಿನಲ್ಲಿ ನೋಡಿದ ವಿಡಿಯೋಗಳಲ್ಲಿ ಎಲ್ಲೆಲ್ಲಿಯದೋ ಮಕ್ಕಳು ತುಟಿ ಪಿಟಕ್ಕೆನ್ನದೆ ಕೂತು ಇಂಥ ಬಿಲ್ಲೆಗಳಲ್ಲಿ ಕೋಟೆ ಕಟ್ಟುತ್ತಿದ್ದರು. ಪಕ್ಕದಲ್ಲಿ ತಾಯಿ ಬಿಸಿ ಬಿಸಿ ಕಾಫಿ ಕುಡಿಯುತ್ತಿದ್ದಳು. ನಿಜ ಹೇಳಬೇಕೆಂದರೆ, ನನಗೆ ಕೋಟೆಗಿಂತ ಆ ಕಾಫಿಯೇ ಹೆಚ್ಚು ಹಿಡಿಸಿತ್ತು.

ನಾನು ಚಾಪೆ ಹಾಸಿ, ಬಿಲ್ಲೆಗಳನ್ನು ಹರಡಿ, "ನೋಡು ಪುಟ್ಟಿ, ಚೌಕ ಕೆಳಗೆ, ಮೂರು ಮೂಲೆಯದು ಮೇಲೆ" ಅಂತ ಶುರು ಮಾಡಿದೆ. ಮಗಳು ಒಂದು ನೀಲಿ ಚೌಕ ಎತ್ತಿಕೊಂಡು ಎದ್ದು ಹೋದಳು. ಫ್ರಿಜ್ಜಿಗೆ ಇಟ್ಟಳು. ಟಪ್. ಗೋಡೆಗೆ ಇಟ್ಟಳು, ಬಿತ್ತು. ಬೀರುವಿಗೆ ಇಟ್ಟಳು, ಟಪ್. ಅಜ್ಜಿಯ ಬೆನ್ನಿಗೆ ಇಟ್ಟಳು, ಬಿತ್ತು. ಕಿಟಕಿ ಕಂಬಿ, ಗೇಟು, ಗ್ರೈಂಡರು, ಅಪ್ಪನ ಸ್ಕೂಟರು. "ಒಟ್ಟುತ್ತೆ! ಒಟ್ಟಲ್ಲ! ಒಟ್ಟುತ್ತೆ!" ಎಂಬ ಕೂಗು ಮನೆಯೆಲ್ಲ ಓಡಾಡಿತು. ನಾನು ಒಬ್ಬಳೇ ಚಾಪೆಯ ಮೇಲೆ ಕೂತು ಕೋಟೆ ಕಟ್ಟಿದೆ. ಚೆನ್ನಾಗಿಯೇ ಬಂತು. ಯಾರೂ ನೋಡಲಿಲ್ಲ.

ಎರಡನೆಯ ದಿನ ಅವಳು ಅಡುಗೆಮನೆಗೆ ಹೊಕ್ಕಳು. ಕೆಳಗಿನ ಗೂಡಿನಲ್ಲಿದ್ದ ಸ್ಟೀಲ್ ಪಾತ್ರೆಗಳನ್ನೆಲ್ಲ ಎಳೆದು ಒಂದೊಂದಕ್ಕೂ ಬಿಲ್ಲೆ ಮುಟ್ಟಿಸಿದಳು. ಒಂದು ಜಾಗದಲ್ಲಿ ಮುಟ್ಟಿಸಿ ಬಿಡುವವಳಲ್ಲ. ಬುಡ, ಬಾಯಿ, ಹಿಡಿ, ಎಲ್ಲ ಕಡೆ ನೋಡುತ್ತಿದ್ದಳು. ಮರದ ಹಿಡಿಯ ಸೌಟು ಒಂದು ತುದಿಯಲ್ಲಿ ಒಟ್ಟಿ ಇನ್ನೊಂದು ತುದಿಯಲ್ಲಿ ಒಟ್ಟದಿದ್ದದ್ದು ಅವಳಿಗೆ ಬಹಳ ದೊಡ್ಡ ಸಂಗತಿಯಾಯಿತು. ಅದನ್ನು ಇಟ್ಟುಕೊಂಡೇ ಮಲಗಿದಳು.

ಆಶ್ಚರ್ಯವೆಂದರೆ ಸ್ಟೀಲ್ ಪಾತ್ರೆಗಳಲ್ಲೂ ಕೆಲವು ಒಟ್ಟಿದವು, ಕೆಲವು ಒಟ್ಟಲಿಲ್ಲ. ಅವಳು ಎರಡು ಗುಂಪು ಮಾಡಿದಳು. ಅತ್ತೆ ಬಂದು ನೋಡಿ, "ಅಯ್ಯೋ ಸಾಮಿ, ನನ್ನ ಅಡುಗೆಮನೆ ಸಂತೆ ಮಾಡಿದ್ದೀಯಲ್ಲೇ!" ಅಂತ ಬೈಯಲು ಬಾಯಿ ತೆರೆದವರು, ಗುಂಪುಗಳನ್ನು ನೋಡಿ ಬಾಯಿ ಮುಚ್ಚಿದರು. ಒಟ್ಟದ ಗುಂಪಿನಲ್ಲಿದ್ದವೆಲ್ಲ ಅವರ ತವರಿನಿಂದ ಬಂದ ಹಳೆಯ ಪಾತ್ರೆಗಳು. ಒಟ್ಟಿದ ಗುಂಪಿನಲ್ಲಿ ಹೆಚ್ಚಿನವು ಈಚೆಗೆ ಅಂಗಡಿಯಲ್ಲಿ ನಾವು ಕೊಂಡವು. ಅವರಿಗೆ ಮೊದಲೇ ಆ ಹೊಸ ಪಾತ್ರೆಗಳ ಮೇಲೆ ಅಷ್ಟಕ್ಕಷ್ಟೆ.

"ನೋಡಿದೆಯಾ ಅಮ್ಮಣಿ? ಒಟ್ಟೋದೆಲ್ಲ ಡೂಪ್ಲಿಕೇಟು. ಒಟ್ಟದೇ ಇರೋದು ಅಸಲು. ನಮ್ಮಪ್ಪ ಕೊಟ್ಟದ್ದು ಒಂದಾದರೂ ಒಟ್ಟುತ್ತಾ ನೋಡು!"

ಸ್ಟೀಲಿನಲ್ಲಿ ಬೇರೆ ಬೇರೆ ಮಿಶ್ರಣ ಇರುತ್ತದೆ, ಅದಕ್ಕೂ ಡೂಪ್ಲಿಕೇಟಿಗೂ ಸಂಬಂಧವಿಲ್ಲ ಅಂತ ನಾನು ಹೇಳಿದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ತವರಿನ ಒಂದು ಬೋಸಿ ಮತ್ತು ಒಂದು ಬಿಲ್ಲೆ ಹಿಡಿದು ಪಕ್ಕದ ಮನೆಗೆ ತೋರಿಸಲು ಹೊರಟೇಬಿಟ್ಟರು. ಅವತ್ತಿನಿಂದ ಆ ಬಿಲ್ಲೆಗಳ ಬಗ್ಗೆ ಅವರ ಅಭಿಪ್ರಾಯ ಪೂರಾ ಬದಲಾಯಿತು. "ಒಳ್ಳೆ ಸಾಮಾನೇ ತರಿಸಿದ್ದಾಳೆ" ಅಂತ ನನ್ನ ಗಂಡನ ಹತ್ತಿರ ಹೇಳಿದರಂತೆ.

ಹೀಗೆ ಒಟ್ಟುವುದೆಲ್ಲ ಖೋಟಾ ಎಂಬುದು ನಮ್ಮ ಮನೆಯಲ್ಲಿ ಕಾಯಿದೆಯಾಗಿ ನಿಂತಿದ್ದಾಗಲೇ ಚಿಕ್ಕತ್ತೆ ಬಂದದ್ದು.

ಚಿಕ್ಕತ್ತೆ ಅಂದರೆ ನಮ್ಮ ಅತ್ತೆಯ ತಂಗಿ. ಕುನ್ನತ್ತೂರಿನವರಿಗೆ ಕೊಟ್ಟಿದ್ದಾರೆ. ಅಲ್ಲಿ ಅವರದು ತೆಂಗಿನ ತೋಟ. ದುಂಡನೆಯ ಮೈ, ದೊಡ್ಡ ಗಂಟಲು, ಬಾಗಿಲು ದಾಟುವ ಮೊದಲೇ ನಗುವ ಹೆಂಗಸು. ಅವರ ಗಂಡ ಚಿಕ್ಕ ಮಾವ ಅದಕ್ಕೆ ಪೂರ್ತಿ ಉಲ್ಟಾ. ತೆಳ್ಳಗೆ, ಮೆತ್ತಗೆ, ಕೊಟ್ಟದ್ದನ್ನು ತಿಂದುಕೊಂಡು ಕೂತಿರುವವರು. ಮಗನ ಮದುವೆ ಗೊತ್ತಾಗಿತ್ತು. ಒಂದು ಭಾನುವಾರ ಇಬ್ಬರೂ ಲಗ್ನಪತ್ರಿಕೆ, ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ ಹಿಡಿದು ಕರೆಯಲು ಬಂದರು.

ಮದುವೆ ಅಂದ ಮೇಲೆ ಮಾತು ಒಡವೆಗೆ ಬರಲೇಬೇಕು. ಬಜ್ಜಿಯ ತಟ್ಟೆ ಇಟ್ಟ ಹೊತ್ತಿಗೆ ಬಂತು. ಚಿಕ್ಕತ್ತೆ ಸೀರೆಯ ಮೇಲೆ ಎದ್ದು ಕಾಣುವಂತೆ ಹಾಕಿದ್ದ ಎರಡೆಳೆಯ ಸರವನ್ನು ಎತ್ತಿ ತೋರಿಸಿದರು.

"ನನ್ನ ಮದುವೆ ಸರ ಅಲ್ವಾ ಅಕ್ಕ, ಕೊಕ್ಕೆ ಸವೆದು ಹೋಗಿತ್ತು. ಪೊಂಗಲ್‌ಗೆ ಮುಂಚೆ ಇವರೇ ಕೊಯಮತ್ತೂರಿಗೆ ತಗೊಂಡ್ ಹೋಗಿ ಹೊಸ ಕೊಕ್ಕೆ ಹಾಕಿಸಿ, ಪಾಲಿಷ್ ಮಾಡಿಸ್ಕೊಂಡ್ ಬಂದ್ರು. ನೋಡು, ಈಗ ಮಾಡಿಸಿದ ಹಂಗೆ ಮಿರ್ ಅಂತೈತೆ!"

ಚಿಕ್ಕ ಮಾವ ಬಜ್ಜಿ ಅಗಿಯುತ್ತಾ ಹೆಮ್ಮೆಯಿಂದ ತಲೆ ಆಡಿಸಿದರು.

ಇಷ್ಟು ಹೊತ್ತೂ ನನ್ನ ಮಗಳು ಬಂದವರ ಮೇಲೆ ತನ್ನ ಕೆಲಸ ನಡೆಸಿದ್ದಳು. ಚಿಕ್ಕ ಮಾವನ ಬೆಲ್ಟಿನ ಬಕಲು ಒಟ್ಟಿತ್ತು. ಕನ್ನಡಕ ಒಟ್ಟಿರಲಿಲ್ಲ. ಚಪ್ಪಲಿಯ ಮೊಳೆ ಒಟ್ಟಿತ್ತು. ಈಗ ನೆಲದ ಮೇಲೆ ಕೂತಿದ್ದ ಚಿಕ್ಕತ್ತೆಯ ಬೆನ್ನಿಗೆ ಬಂದು, ಅವರ ಜಡೆಯನ್ನು ಪಕ್ಕಕ್ಕೆ ಸರಿಸಿ, ಕುತ್ತಿಗೆಯ ಹಿಂದೆ ಬಿಲ್ಲೆ ಹಿಡಿದಳು. ನಾನು ನೋಡುತ್ತಿದ್ದಂತೆಯೇ ಸರದ ಕೊಕ್ಕೆ ಚರ್ಮದಿಂದ ಮೆಲ್ಲಗೆ ಮೇಲೆದ್ದು ಬಿಲ್ಲೆಯ ಅಂಚಿಗೆ ಕಚ್ಚಿಕೊಂಡಿತು.

"ಅಜ್ಜಿ! ಒಟ್ಟುತ್ತೆ! ಚಿಕ್ಕಜ್ಜಿ ಸರ ಒಟ್ಟುತ್ತೆ!"

ಅತ್ತೆಯ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

"ಒಟ್ಟಿದ್ರೆ ಏನೀಗ?" ಅಂದರು ಚಿಕ್ಕತ್ತೆ, ಇನ್ನೂ ನಗುತ್ತಲೇ.

ಅತ್ತೆ ಉತ್ತರ ಹೇಳಬಾರದಿತ್ತು. ಆದರೆ ಇಷ್ಟು ದಿನ ಬೀದಿಗೆಲ್ಲ ಹೇಳಿಕೊಂಡು ಬಂದ ಮಾತು, ತಡೆಯಲಾಗಲಿಲ್ಲ. "ಒಟ್ಟೋದು ಅಸಲಲ್ಲ ಅಂತ..." ಅಂದುಬಿಟ್ಟರು.

ಚಿಕ್ಕತ್ತೆ ಸರ ಬಿಚ್ಚಿದರು. ಮಗಳ ಕೈಯಿಂದ ಬಿಲ್ಲೆ ತೆಗೆದುಕೊಂಡು ತಾವೇ ಹಿಡಿದು ನೋಡಿದರು. ಟಿಕ್. ಬಿಡಿಸಿ ಮತ್ತೆ ಹಿಡಿದರು. ಟಿಕ್. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಪೋಲಿ!" ಅಂದರು.

ಗಂಡನನ್ನು ಎಲ್ಲರ ಮುಂದೆ ಹೀಗೆ ಪೋಲಿ ಅನ್ನುವುದೇ? ಆ ಬಡಪಾಯಿ ಮಾವ ಯಾವ ದಿಕ್ಕಿನಿಂದ ನೋಡಿದರೂ ಪೋಲಿಯ ಹಾಗೆ ಕಾಣುತ್ತಿರಲಿಲ್ಲ. ಆಮೇಲೆ ನೆನಪಾಯಿತು, ತಮಿಳಿನಲ್ಲಿ ಪೋಲಿ ಅಂದರೆ ಖೋಟಾ. ಅವರು ಹೇಳಿದ್ದು ಸರಕ್ಕೆ. ಆದರೆ ನೋಡಿದ ನೋಟವಂತೂ ಗಂಡನಿಗೂ ಸೇರಿಸಿಯೇ ಇತ್ತು.

"ಏನುಂಗ, ನನ್ನ ಸರ ಎಲ್ಲಿ?"

"ನಿನ್ನ ಕೈಯಲ್ಲೇ ಐತಲ್ಲ" ಅಂದರು ಚಿಕ್ಕ ಮಾವ.

"ಇದಲ್ಲ, ನನ್ನ ಸರ! ನಮ್ಮಪ್ಪ ಹಾಕಿದ ಸರ! ಕೊಯಮತ್ತೂರಲ್ಲಿ ಏನ್ ಮಾಡಿದ್ರಿ ಅದನ್ನ?"

"ಮುರುಗನಾಣೆ, ನಾನು ಅಂಗಡಿಯಲ್ಲೇ ಕೂತಿದ್ದೆ. ಒಂದು ಟೀ ಕುಡಿಯೋಕೆ ಹೊರಗೆ ಹೋದೆ, ಅಷ್ಟೇ."

"ಟೀ ಕುಡಿಯೋಕೆ ಹೋದ್ರಾ!"

ಆಮೇಲಿನ ಜಗಳ ಪೂರ್ತಿ ತಮಿಳಿನಲ್ಲಿ ನಡೆಯಿತು. ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಟಕಟಕ ಓಡುತ್ತಿದ್ದುದರಿಂದ ಎಲ್ಲರೂ ಎಂದಿನಂತೆ ಗಂಟಲೆತ್ತಿ ಮಾತಾಡುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಚಿಕ್ಕತ್ತೆಯ ಗಂಟಲು ನಿಲ್ಲಲಿಲ್ಲ. ಟೀಯ ವಿಷಯ ಇಡೀ ಬೀದಿಗೆ ತಿಳಿಯಿತು. ನನ್ನ ಗಂಡ ಶೆಡ್ಡಿನಿಂದ ಓಡಿ ಬಂದರು. ಕೈಯಲ್ಲಿ ನೂಲಿನ ಲಡಿ, ತಲೆಯ ಮೇಲೆಲ್ಲ ಹತ್ತಿಯ ಧೂಳು.

ಅತ್ತೆ ತಂಗಿಯನ್ನು ಸಮಾಧಾನ ಮಾಡಲು ಹೋದರು. ಹೋದ ದಾರಿ ಸರಿ ಇರಲಿಲ್ಲ. "ತಾಳು, ಕಾಂದಂ ಸರಿ ಐತಾ ಅಂತ ಮೊದಲು ನೋಡೋಣ" ಅಂತ ತಮ್ಮ ತಾಳಿಸರವನ್ನು ಮೊಮ್ಮಗಳ ಮುಂದೆ ಹಿಡಿದರು. ಅವಳು ತಾಳಿಯಿಂದ ಹಿಡಿದು ಹಿಂದಿನ ತಿರುಪಿನವರೆಗೆ ಬಿಲ್ಲೆ ಓಡಿಸಿ, "ಒಟ್ಟಲ್ಲ" ಅಂದಳು. ಅತ್ತೆಯ ಮುಖದಲ್ಲಿ ಬೇಡ ಬೇಡವೆಂದರೂ ಒಂದು ಜಂಭ ಮೂಡಿತು. ಚಿಕ್ಕತ್ತೆ ಅಳಲು ಶುರುವಿಟ್ಟರು.

"ಅಮ್ಮನದೂ ನೋಡ್ತೀನಿ" ಅಂದಳು ಮಗಳು. ನಾನು ಬೇಡ ಅನ್ನುವ ಮೊದಲೇ ನನ್ನ ಕುತ್ತಿಗೆಗೆ ಬಂದಳು. ಟಿಕ್.

"ಅಮ್ಮನದು ಒಟ್ಟುತ್ತೆ!"

ಈಗ ಬಣ್ಣ ಇಳಿಯುವ ಸರದಿ ಅತ್ತೆಯದು. ಏಕೆಂದರೆ ನನ್ನ ಸರ ನನ್ನ ತವರಿನದಲ್ಲ. ಮದುವೆಯಲ್ಲಿ ಅತ್ತೆಯೇ ತಮ್ಮ ಕೈಯಾರೆ ಹಾಕಿದ್ದು. ಅಲ್ಲಿಯವರೆಗೆ ಅಳುತ್ತಿದ್ದ ಚಿಕ್ಕತ್ತೆ ಥಟ್ಟನೆ ಅಳು ನಿಲ್ಲಿಸಿ ಅಕ್ಕನ ಮುಖ ನೋಡಿದರು. ನನ್ನ ಗಂಡ ತಾಯಿಯ ಮುಖ ನೋಡಿದರು. ಚಿಕ್ಕ ಮಾವ, ತನ್ನ ಜೊತೆಗೆ ಇನ್ನೊಬ್ಬರು ಸಿಕ್ಕರಲ್ಲ ಎಂಬ ನೆಮ್ಮದಿಯಲ್ಲಿ, ಮತ್ತೊಂದು ಬಜ್ಜಿಗೆ ಕೈ ಹಾಕಿದರು.

"ಅಮ್ಮಣಿ," ಅಂದರು ಅತ್ತೆ, "ನಾವು ಹಂಗೆ ಮಾಡೋ ಜನ ಅಲ್ಲ."

"ಗೊತ್ತು ಅತ್ತೆ" ಅಂದೆ. ನಗು ಬರುತ್ತಿತ್ತು. ತುಟಿ ಕಚ್ಚಿಕೊಂಡೆ. ಅದನ್ನು ಅವರು ಅಳು ತಡೆದುಕೊಳ್ಳುತ್ತಿದ್ದೇನೆ ಅಂತ ತಿಳಿದು ಇನ್ನಷ್ಟು ಗಾಬರಿಯಾದರು.

ದೊಡ್ಡವರೆಲ್ಲ ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರೆ ಮಗಳಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ದೇವರ ಮುಂದಿನ ಹಿತ್ತಾಳೆ ದೀಪಕ್ಕೆ ಬಿಲ್ಲೆ ಹಿಡಿದಿದ್ದಳು.

"ಅಜ್ಜಿ, ದೀಪ ಒಟ್ಟಲ್ಲ. ದೀಪ ಚಿನ್ನಾನಾ?"

ಅವಳು ತಟ್ಟೆಯಲ್ಲಿದ್ದ ಬಾಳೆಹಣ್ಣಿಗೆ ಹಿಡಿದಳು.

"ಬಾಳೆಹಣ್ಣೂ ಒಟ್ಟಲ್ಲ. ಇದೂ ಚಿನ್ನಾನಾ?"

ಮೊದಲು ನಕ್ಕವರು ಚಿಕ್ಕ ಮಾವ. ಬಾಯಲ್ಲಿದ್ದ ಬಜ್ಜಿ ಗಂಟಲಿಗೆ ಸಿಕ್ಕಿ ಕೆಮ್ಮಿದರು. ಚಿಕ್ಕತ್ತೆ ಅವರ ತಲೆಯ ಮೇಲೆ ತಟ್ಟಿದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಅತ್ತೆ ಮಾತ್ರ ನಗಲಿಲ್ಲ. ಅವರು ದೀಪವನ್ನೂ ಬಾಳೆಹಣ್ಣನ್ನೂ ಬಾರಿ ಬಾರಿ ನೋಡುತ್ತಿದ್ದರು. ಅವರ ಕಾಯಿದೆ ಅವರ ಕಣ್ಣೆದುರೇ ಕುಸಿಯುತ್ತಿತ್ತು.

ಮಗಳು ಅಷ್ಟಕ್ಕೆ ಬಿಡಲಿಲ್ಲ. ಚಿಕ್ಕತ್ತೆ ಅಳುವಾಗ ನೆಲಕ್ಕೆ ಬಿಟ್ಟಿದ್ದ ಸರವನ್ನು ಉದ್ದಕ್ಕೆ ಹಾಸಿ, ಪಾತ್ರೆಗಳಿಗೆ ಮಾಡಿದ ಹಾಗೇ ಮಾಡಿದಳು. "ಇಲ್ಲಿ ಒಟ್ಟಲ್ಲ. ಇಲ್ಲಿ ಒಟ್ಟಲ್ಲ. ಇಲ್ಲೂ ಒಟ್ಟಲ್ಲ." ಕೊಕ್ಕೆಗೆ ಬಂದಾಗ ಟಿಕ್. "ಇಲ್ಲಿ ಮಾತ್ರ ಒಟ್ಟುತ್ತೆ. ಸೌಟಿನ ಹಂಗೆ!"

ಎಲ್ಲರೂ ನೆಲಕ್ಕೆ ಬಗ್ಗಿದೆವು. ನಾನು ನನ್ನ ಸರವನ್ನೂ ಬಿಚ್ಚಿ ಪಕ್ಕಕ್ಕೆ ಹಾಸಿದೆ. ಅದೂ ಹಾಗೇ. ಸರಕ್ಕೆ ಏನೂ ಇಲ್ಲ, ಕೊಕ್ಕೆಗೆ ಮಾತ್ರ ಟಿಕ್. ಅತ್ತೆಯ ಸರಕ್ಕೆ ಕೊಕ್ಕೆಯೇ ಇರಲಿಲ್ಲ, ಹಳೆಯ ಕಾಲದ ತಿರುಪು.

"ಹಂಗಾದ್ರೆ ಕೊಕ್ಕೆ ಮಾತ್ರ ಪೋಲಿ ಹಾಕಿದ್ದಾನೆ" ಅಂದರು ಚಿಕ್ಕ ಮಾವ ಧೈರ್ಯ ತಂದುಕೊಂಡು.

"ಇಬ್ಬರಿಗೂನಾ? ಅಂಗಡಿ ಬೇರೆ ಬೇರೆ ಅಲ್ವಾ?" ಅಂದರು ನನ್ನ ಗಂಡ.

ಚಿಕ್ಕತ್ತೆ ಕೊಕ್ಕೆಯನ್ನು ಎತ್ತಿಕೊಂಡು ಅದರ ಪುಟ್ಟ ನಾಲಿಗೆಯನ್ನು ಉಗುರಿನಿಂದ ಎಳೆದರು. ತೆರೆಯಿತು. ಬಿಟ್ಟರು. ಮುಚ್ಚಿತು. ಮತ್ತೆ ಎಳೆದರು, ಬಿಟ್ಟರು. ಕಿವಿಯ ಹತ್ತಿರ ಹಿಡಿದುಕೊಂಡೂ ನೋಡಿದರು.

"ಅಕ್ಕಾ, ಇದು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತಲ್ಲ, ಹೆಂಗೆ?"

"ಒಳಗೆ ಏನೋ ತಳ್ಳುತ್ತೆ" ಅಂದರು ಅತ್ತೆ.

ನನ್ನ ಗಂಡ ಜೇಬಿನಿಂದ ಒತ್ತುವ ಪೆನ್ನು ತೆಗೆದು ಬಿಚ್ಚಿದರು. ರೀಫಿಲ್ಲಿನ ತುದಿಯಲ್ಲಿದ್ದ ಪುಟ್ಟ ಸ್ಪ್ರಿಂಗನ್ನು ಅಂಗೈಯಲ್ಲಿಟ್ಟು ಮಗಳ ಮುಂದೆ ಹಿಡಿದರು. ಅವಳು ಬಿಲ್ಲೆ ತಂದಳು. ಸ್ಪ್ರಿಂಗು ಅಂಗೈಯಿಂದ ಹಾರಿ ಬಿಲ್ಲೆಗೆ ಕೂತಿತು.

"ಸ್ಪ್ರಿಂಗಾ?" ಅಂದರು ಚಿಕ್ಕತ್ತೆ. "ನನ್ನ ಕುತ್ತಿಗೆಯಲ್ಲಿ ಸ್ಪ್ರಿಂಗ್ ಐತಾ?" ಅಂದವರೇ ನಗಲು ಶುರು ಮಾಡಿದರು. ಒಮ್ಮೆ ಶುರುವಾದರೆ ನಿಲ್ಲುವ ನಗುವಲ್ಲ ಅದು. ಅತ್ತೆಗೂ ತಗುಲಿತು. ನಾನಂತೂ ಆಗಿನಿಂದ ತಡೆದಿದ್ದದ್ದನ್ನೆಲ್ಲ ಬಿಟ್ಟೆ. ಅಕ್ಕ ತಂಗಿ ಇಬ್ಬರೂ ಒಬ್ಬರ ಭುಜದ ಮೇಲೊಬ್ಬರು ಬಿದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

ಚಿಕ್ಕತ್ತೆ ಗಂಡನ ಹತ್ತಿರ ಕ್ಷಮೆ ಕೇಳಲಿಲ್ಲ. ತಮ್ಮ ತಟ್ಟೆಯಲ್ಲಿ ಉಳಿದಿದ್ದ ಬಜ್ಜಿಯನ್ನು ಎತ್ತಿ ಅವರ ತಟ್ಟೆಗೆ ಹಾಕಿ, "ತಿನ್ನಿ, ಆರಿ ಹೋಗುತ್ತೆ" ಅಂದರು. ಮಾವ ತಿಂದರು. ಅವರಿಬ್ಬರ ನಡುವೆ ವಿಷಯ ಅಲ್ಲಿಗೆ ಮುಗಿದ ಹಾಗೆ ಕಂಡಿತು.

ಆಮೇಲೆ ಹೆಂಗಸರು ಸೀರೆಗಳ ಮಾತಿಗೆ ಕೂತಾಗ ಚಿಕ್ಕ ಮಾವ ಚಾಪೆಯ ಮೇಲೆ ಮಗಳ ಪಕ್ಕ ಮಂಡಿಯೂರಿ ಕೂತರು. ಇಬ್ಬರೂ ಸೇರಿ ಒಂದು ದನದ ಕೊಟ್ಟಿಗೆ ಕಟ್ಟಿದರು. ಮಳೆ ನೀರು ನಿಲ್ಲದಂತೆ ಸೂರನ್ನು ಇಳಿಜಾರಾಗಿ ಇಡಬೇಕು ಅಂತ ಅವರು ಹೇಳಿದರೆ, ಹಸು ಆಕಾಶ ನೋಡಬೇಕು, ಸೂರೇ ಬೇಡ ಅಂತ ಇವಳ ವಾದ. ಕೊನೆಗೆ ಅರ್ಧಕ್ಕೆ ಮಾತ್ರ ಸೂರು ಬಂತು. ಎರಡು ಬಾಳೆಹಣ್ಣು ಒಳಗೆ ಹಸುಗಳಾಗಿ ನಿಂತವು. ಅವಳು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನಾನು ಬಿಸಿ ಕಾಫಿ ಮಾಡಿಕೊಂಡು ಬಾಗಿಲಿಗೆ ಒರಗಿ ಕುಡಿದೆ.

ಅಷ್ಟಾದರೂ ಚಿಕ್ಕತ್ತೆ ಊರಿಗೆ ಹೋಗುವ ದಾರಿಯಲ್ಲಿ ಪರಿಚಯದ ಅಕ್ಕಸಾಲಿಗರ ಮನೆಗೆ ಹೋಗಿ ಸರ ತೋರಿಸಿಯೇ ಹೋದರು. ಅಲ್ಲಿಂದಲೇ ಫೋನು ಬಂತು. "ಅಕ್ಕಾ, ಸ್ಪ್ರಿಂಗೇ ಅಂತೆ! ಚಿನ್ನ ಮೆತ್ತಗಲ್ವಾ, ಅದರಲ್ಲಿ ಸ್ಪ್ರಿಂಗ್ ಮಾಡಿದ್ರೆ ನಿಲ್ಲಲ್ಲ ಅಂತೆ. ಸರ ಅಸಲೇ!" ಹಿಂದಿನಿಂದ ಚಿಕ್ಕ ಮಾವನ ಧ್ವನಿ, "ನಾನು ಟೀ ಮಾತ್ರ ಕುಡಿದದ್ದು ಅಂತಲೂ ಹೇಳು" ಅಂತ ಕೇಳಿಸಿತು.

ಕುನ್ನತ್ತೂರಿನ ಮದುವೆಗೆ ನಾವು ಹಿಂದಿನ ದಿನವೇ ಹೋದೆವು. ಅಷ್ಟರಲ್ಲಿ ಚಿಕ್ಕತ್ತೆ ಈ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿ ಮುಗಿಸಿದ್ದರು. ಪ್ರತಿಯೊಬ್ಬರಿಗೂ ಹೇಳಿದಾಗ ಕಥೆ ಸ್ವಲ್ಪ ಬೆಳೆದಿತ್ತು. ನಾನು ಕೇಳುವ ಹೊತ್ತಿಗೆ ಅದರಲ್ಲಿ ಸರ ಕುತ್ತಿಗೆಯಿಂದ ಹಾರಿ ಹೋಗಿ ಫ್ರಿಜ್ಜಿಗೆ ಅಂಟಿತ್ತು. ಮಂಟಪದ ಪಕ್ಕದ ಕೋಣೆಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸರೆಲ್ಲ, "ಆ ಕಾಂದಂ ಮಗು ಎಲ್ಲಿ?" ಅಂತ ಕೇಳಿದರು.

ಕಾಂದಂ ಮಗುವಿಗೆ ಆಗಲೇ ಕಾಂದಂ ಸಾಕಾಗಿತ್ತು. ಅವಳಿಗೆ ಈಗ ಬಲೂನು ತಲೆಗೆ ಉಜ್ಜಿ ಕೂದಲು ನಿಲ್ಲಿಸುವುದು ಗೊತ್ತಾಗಿತ್ತು. ಅಂಗಳದಲ್ಲಿ ಮದುಮಗನ ತಲೆ ಹಿಡಿದುಕೊಂಡು ಅದನ್ನೇ ಮಾಡುತ್ತಿದ್ದಳು.

"ಬಿಲ್ಲೆ ಮನೆಯಲ್ಲೇ ಬಿಟ್ಟು ಬಂದಿದ್ದೇವೆ" ಅಂತ ನಾನು ಅವರಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ತಮ್ಮ ಕೈಚೀಲ ತೆರೆದು, ಎಲೆ ಅಡಿಕೆಯ ಡಬ್ಬಿಯ ಕೆಳಗಿಂದ ಒಂದು ನೀಲಿ ಚೌಕ ಹೊರಗೆ ತೆಗೆದರು. ಕೋಣೆಯಲ್ಲಿ ಗದ್ದಲವೆದ್ದಿತು. ಹೆಂಗಸರು ಸರ ಎತ್ತಿ ಹಿಡಿದು ಒಬ್ಬರ ಹಿಂದೆ ಒಬ್ಬರು ಬಂದರು. ಅತ್ತೆ ಪ್ರತಿಯೊಬ್ಬರಿಗೂ, "ಕೊಕ್ಕೆ ಒಟ್ಟಿದ್ರೆ ಭಯ ಬೇಡ, ಅದು ಸ್ಪ್ರಿಂಗು. ಸರ ಒಟ್ಟಿದ್ರೆ ಮಾತ್ರ ಕೇಳಬೇಕು. ಒಟ್ಟದಿದ್ರೂ ಚಿನ್ನಾನೇ ಅಂತಲ್ಲ, ಬಾಳೆಹಣ್ಣೂ ಒಟ್ಟಲ್ಲ" ಅಂತ ತಾಳ್ಮೆಯಿಂದ ವಿವರಿಸಿದರು.

ಸಾಲಿನಲ್ಲಿ ನಿಂತಿದ್ದ ಒಬ್ಬರು, ತಮ್ಮ ಸರದಿ ಹತ್ತಿರ ಬಂದಾಗ, ಸೆರಗನ್ನು ಕುತ್ತಿಗೆಯವರೆಗೆ ಹೊದ್ದುಕೊಂಡು, ಊಟದ ಮನೆಯಿಂದ ಯಾರೋ ಕರೆದರು ಅಂತ ಹೊರಟು ಹೋದರು. ಯಾರೂ ಕರೆದದ್ದು ನನಗೆ ಕೇಳಿಸಿರಲಿಲ್ಲ. ಅತ್ತೆಯೂ ನೋಡಿದರು. ಏನೂ ಹೇಳದೆ ಬಿಲ್ಲೆಯನ್ನು ಮುಂದಿನವರ ಕೊಕ್ಕೆಗೆ ಹಿಡಿದರು.